ಚಂಚಲ ಶಿಶುವಿನ ಪಾಲನೆ

ಕ್ಷಣವೂ ಒಂದೆಡೆ ನಿಲ್ಲದ, ಪದೇ ಪದೇ ಕೈಯಲುಗಿಸುವ ಕೂಸನ್ನು ಕಂಡು 'ಹೆತ್ತವಳು ತಿದ್ದಲಿಲ್ಲ' ಎಂದಾಡಿಕೊಳ್ಳುವವರುಂಟು. ಆ ಮಾತು ಸಲ್ಲದು. ಬುದ್ಧಿಮಾಂದ್ಯವಿಲ್ಲದೆಯೂ ಮನೋನಿಗ್ರಹ ಸಾಲದ ಮಕ್ಕಳನ್ನು ಲಂಡನ್ನಿನ ವೈದ್ಯ ಜಾರ್ಜ್ ಸ್ಟಿಲ್ಲರು 1902ರಲ್ಲಿಯೇ ವರ್ಣಿಸಿರುವರು. ಇಂದು ಎ.ಡಿ.ಎಚ್.ಡಿ. ಎನಿಸುವ ಈ ಸ್ಥಿತಿಯು ಮಿದುಳಿನ ಬೆಳವಣಿಗೆಗೆ ಸಂಬಂಧಿಸಿದುದು; ಬಹುಮಟ್ಟಿಗೆ ವಂಶಾನುಗತವಾದುದು.

ಕೈಯಲುಗಾಟವನ್ನು ಬಲಾತ್ಕಾರದಿಂದ ತಡೆಯತಕ್ಕದ್ದಲ್ಲ. ಎಷ್ಟೋ ವೇಳೆ ಕೂಸು ಅದರಿಂದಲೇ ತನ್ನ ಕಳವಳವನ್ನು ಶಮನಗೊಳಿಸಿಕೊಳ್ಳುವುದು. ತಲೆಯನ್ನು ಗೋಡೆಗೆ ಬಡಿದುಕೊಳ್ಳುವಂತಿದ್ದರೆ ಮಾತು ಬೇರೆ. ಎದುರಿಗೆ ಕುಳಿತು ಒಂದೊಂದೇ ಕೆಲಸವನ್ನು ಹೇಳಿರಿ, ಮಾಡಿದೊಡನೆ ಮೆಚ್ಚಿರಿ. ಸಂಜೆಯ ಮೆಚ್ಚುಗೆ ಅಂತಹ ಕೂಸಿಗೆ ತಲುಪದು. ಆರು ವರ್ಷದೊಳಗಿನವರಿಗೆ ಔಷಧಕ್ಕಿಂತ ಮೊದಲು ತಾಯಿತಂದೆಗಳ ಶಿಕ್ಷಣವನ್ನೇ ವೈದ್ಯರು ವಿಧಿಸುವರು. ಬರಿಯ ತಾಯತದಲ್ಲಿ ವರುಷಗಳನ್ನು ಕಳೆಯದೆ ಬೆಂಗಳೂರಿನ ನಿಮ್ಹಾನ್ಸಿನಂತಹ ಕಡೆಗೆ ಕರೆದೊಯ್ದು, ಆಟಿಸಮ್ಮೂ ಜೊತೆಗಿರುವುದೇ ಎಂಬುದನ್ನು ಪರೀಕ್ಷೆಮಾಡಿಸಿರಿ.