ವ್ಯಸನ: ಅದರ ಕಾರಣವೂ ಚಿಕಿತ್ಸೆಯೂ

(ಶ್ರೀಮಠದ ಮಹೋತ್ಸವ ಸಭೆಯಲ್ಲಿ ಮಾಡಿದ ಉಪನ್ಯಾಸ)



‘ವ್ಯಸನ’ವೆಂಬ ಶಬ್ದಕ್ಕೆ ಎರಡು ಅರ್ಥಗಳುಂಟು. ಮಗನನ್ನು ಕಳೆದುಕೊಂಡ ತಾಯಿ ವ್ಯಸನಪಡುತ್ತಾಳೆ. ಸೆರೆಯಂಗಡಿಯನ್ನು ಬಿಡಲಾರದವನು ವ್ಯಸನಿಯೆನಿಸುತ್ತಾನೆ. ಮನೋವ್ಯಥೆಗೂ ದುಶ್ಚಟಕ್ಕೂ ಒಂದೇ ಹೆಸರು ಸಂದಿರುವುದು ವಿಚಾರಾರ್ಹವಾಗಿದೆ. ಇವೆರಡೂ ಎಷ್ಟೋ ವೇಳೆ ಒಂದೇ ದೇಹದಲ್ಲಿ ಕೂಡಿಯೇ ವಾಸಿಸುತ್ತವೆಂಬುದನ್ನು ಇಂದಿನ ವೈದ್ಯಶಾಸ್ತ್ರವೂ ಒಪ್ಪಿದೆ.

ದುಃಖವೆಲ್ಲವೂ ರೋಗವಲ್ಲ. ಮೃತ್ಯು, ಬರಗಾಲ, ಸಾಲ, ಅಪಮಾನ ಇವುಗಳಿಂದ ಮನಸ್ಸು ಕುಗ್ಗುವುದು ಮನುಷ್ಯಸಹಜವಾದುದು. ಕಾಲಕ್ರಮದಲ್ಲಿ ಅದು ಸಡಿಲಾಗುತ್ತದೆ. ಆದರೆ ದಿನದ ಬಹುಭಾಗ ಮನಸ್ಸಿಗೆ ಕತ್ತಲೆ ಕವಿದು, ೨ ವಾರಗಳು ಕಳೆದರೂ ಸರಿಯದೆ, ನಿದ್ರಾಹಾರಗಳು ಕೆಟ್ಟು, ಪ್ರಿಯವಾದ ಕೆಲಸವೂ ಬೇಸರವಾಗಿ, ‘ಇದ್ದು ಪ್ರಯೋಜನವೇನು’ ಎಂಬ ಯೋಚನೆ ಬೆನ್ನುಹತ್ತಿದರೆ ಅದನ್ನು ಖಿನ್ನತೆಯೆಂಬ ರೋಗವೆಂದೇ ಎಣಿಸತಕ್ಕದ್ದು. ಅದು ಸೋಮಾರಿತನವಲ್ಲ, ಗ್ರಹಚಾರವಲ್ಲ, ಭಕ್ತಿಯ ಕೊರತೆಯೂ ಅಲ್ಲ. ವಂಶಗುಣ, ಮೆದುಳಿನ ಕ್ರಿಯೆಯಲ್ಲಾಗುವ ವ್ಯತ್ಯಾಸ, ಬಾಲ್ಯದ ಆಘಾತ, ಬಡತನ, ಏಕಾಕಿತನ, ಇಂತಹ ಹಲವು ಕಾರಣಗಳು ಸೇರಿ ಅದನ್ನು ಹುಟ್ಟಿಸುತ್ತವೆ. ಬಾಣಂತಿಯರಲ್ಲಿಯೂ, ಥೈರಾಯಿಡ್ ಗ್ರಂಥಿಯ ಶಕ್ತಿ ಕುಂದಿದವರಲ್ಲಿಯೂ ಅದು ತೋರುವುದುಂಟು.

ಚಟವು ಹುಟ್ಟುವ ಬಗೆಯೂ ಇದರಿಂದ ದೂರವಿಲ್ಲ. ನೊಂದವನಿಗೆ ಮೊದಲ ಗುಟುಕು ಒಂದು ಗಳಿಗೆಯ ಸಮಾಧಾನವನ್ನು ಕೊಡುವುದು ಸುಳ್ಳಲ್ಲ. ಸುಳ್ಳಾಗಿದ್ದರೆ ಯಾರೂ ಎರಡನೆಯದನ್ನು ಬಯಸುತ್ತಿರಲಿಲ್ಲ. ಮದ್ಯವು ಮೆದುಳಿನಲ್ಲಿ ಡೋಪಮೈನ್ ಎಂಬ ದ್ರವ್ಯವನ್ನು ಹೆಚ್ಚಿಸಿ, ‘ಇದು ಮತ್ತೆ ಬೇಕು’ ಎಂಬ ಪಾಠವನ್ನು ಅಲ್ಲಿ ಅಚ್ಚೊತ್ತುತ್ತದೆ. ದಿನಗಳೆದಂತೆ ಅದೇ ಅಳತೆಗೆ ಅದೇ ಸುಖ ದೊರೆಯದು, ಅಳತೆ ಏರುತ್ತದೆ. ಕಡೆಗೆ ಸುಖಕ್ಕಾಗಿಯಲ್ಲ, ಕುಡಿಯದಿದ್ದರೆ ಬರುವ ನಡುಕವನ್ನು ತಪ್ಪಿಸಿಕೊಳ್ಳುವುದಕ್ಕಾಗಿ ಕುಡಿಯುವಂತಾಗುತ್ತದೆ. ಇಷ್ಟರಲ್ಲಿ ಆ ಮದ್ಯವೇ ಖಿನ್ನತೆಯನ್ನು ಬೆಳೆಸಿರುತ್ತದೆ. ದುಃಖ ಮರೆಯಲು ಕುಡಿತ, ಕುಡಿತದಿಂದ ಹೊಸ ದುಃಖ, ಹೀಗೆ ಮನುಷ್ಯನು ಗಾಣದೆತ್ತಿನಂತೆ ಸುತ್ತುತ್ತಾನೆ. ಆದುದರಿಂದ ಒಂದಕ್ಕೆ ಮದ್ದುಮಾಡಿ ಇನ್ನೊಂದನ್ನು ಮರೆತರೆ ಫಲವು ನಿಲ್ಲಲಾರದು.

ಇಳಕಲ್ಲಿನ ಚಿತ್ತರಗಿ ಸಂಸ್ಥಾನಮಠದ ಡಾ. ಮಹಾಂತ ಶಿವಯೋಗಿಗಳು ೧೯೭೫ರಲ್ಲಿ ‘ಮಹಾಂತ ಜೋಳಿಗೆ’ಯನ್ನು ಹಿಡಿದು, ಕಾಣಿಕೆಗೆ ಬದಲಾಗಿ ಜನರ ದುಶ್ಚಟಗಳನ್ನೇ ಭಿಕ್ಷೆ ಬೇಡಿದರು. ೨೦೧೮ರಲ್ಲಿ ಅವರು ಲಿಂಗೈಕ್ಯರಾದ ಬಳಿಕ, ಅವರ ಜನ್ಮದಿನವಾದ ಆಗಸ್ಟ್ ೧ನ್ನು ಕರ್ನಾಟಕ ಸರಕಾರವು ವ್ಯಸನಮುಕ್ತ ದಿನವೆಂದು ಆಚರಿಸತೊಡಗಿತು. ವ್ಯಸನಿಯನ್ನು ಹಳಿಯದೆ, ಗುರುವೇ ಅವನೆದುರು ಬೇಡುವವನಾಗಿ ನಿಂತುದು ಈ ಕಾರ್ಯದ ಮರ್ಮವಾಗಿದೆ. ನಾಚಿಕೆಯಿಂದ ಬಾಗಿದ ತಲೆಯು ಬೈಗುಳಿನಿಂದ ಮೇಲೇಳುವುದಿಲ್ಲ, ಗೌರವದಿಂದ ಮೇಲೇಳುತ್ತದೆ.

ಆದರೆ ಸಂಕಲ್ಪಕ್ಕೆ ವೈದ್ಯದ ಆಸರೆಯೂ ಬೇಕು. ಬಹುಕಾಲ ವಿಪರೀತವಾಗಿ ಕುಡಿದವನು ಒಮ್ಮೆಲೇ ನಿಲ್ಲಿಸಿದರೆ, ೩-೪ ದಿನಗಳೊಳಗೆ ಮೈನಡುಕ, ಸೆಳವು, ಇಲ್ಲದುದನ್ನು ಕಾಣುವ ಭ್ರಾಂತಿ ಇವು ತೋರಿ ಪ್ರಾಣಾಪಾಯವೂ ಒದಗಬಹುದು. ಇಂತಹವನು ವೈದ್ಯರ ಕಣ್ಣಿನ ಕೆಳಗೆಯೇ ಬಿಡತಕ್ಕದ್ದು. ಅವರು ಶಾಮಕ ಔಷಧಗಳಿಂದಲೂ ಥಯಾಮಿನ್ ಎಂಬ ಜೀವಸತ್ವದಿಂದಲೂ ಆ ದಿನಗಳನ್ನು ದಾಟಿಸುತ್ತಾರೆ. ಕುಡಿತ ಬಿಟ್ಟ ೩-೪ ವಾರಗಳಲ್ಲಿ ಅನೇಕರ ಖಿನ್ನತೆ ತಾನಾಗಿಯೇ ಕರಗುತ್ತದೆ. ಕರಗದಿದ್ದರೆ ಅದಕ್ಕೆ ಬೇರೆ ಚಿಕಿತ್ಸೆಯುಂಟು.

ಸೌಮ್ಯವಾದ ಖಿನ್ನತೆಗೆ ತಜ್ಞರೊಡನೆ ಕ್ರಮವಾಗಿ ನಡೆಸುವ ಮಾತುಕತೆಯೇ ಮದ್ದಾಗಬಹುದು. ತೀವ್ರವಾದುದಕ್ಕೆ ಔಷಧವೂ ಅವಶ್ಯ. ಔಷಧದ ಗುಣವು ಪೂರ್ಣವಾಗಿ ತೋರಲು ೪ರಿಂದ ೬ ವಾರಗಳು ಬೇಕು. ಗುಣವಾದ ಮೇಲೆಯೂ ಸಾಮಾನ್ಯವಾಗಿ ೬ ತಿಂಗಳಾದರೂ ಮುಂದುವರಿಸಬೇಕು. ಅದು ಮದ್ಯದಂತೆ ಚಟ ಹಿಡಿಸುವುದಿಲ್ಲ. ಆದರೂ ವೈದ್ಯರನ್ನು ಕೇಳದೆ ನಿಲ್ಲಿಸಲಾಗದು. ಬೆಂಗಳೂರಿನ ನಿಮ್ಹಾನ್ಸ್, ಧಾರವಾಡದ ಡಿಮ್ಹಾನ್ಸ್ ಸಂಸ್ಥೆಗಳಲ್ಲಿಯೂ ಜಿಲ್ಲಾಸ್ಪತ್ರೆಗಳಲ್ಲಿಯೂ ಈ ಚಿಕಿತ್ಸೆ ದೊರೆಯುತ್ತದೆ. ೨೦೨೨ರಲ್ಲಿ ಆರಂಭವಾದ ‘ಟೆಲಿ ಮಾನಸ್’ ಸೇವೆಯು ೧೪೪೧೬ ಸಂಖ್ಯೆಯಲ್ಲಿ ಹಗಲಿರುಳೂ ಕನ್ನಡದಲ್ಲಿಯೇ ಉಚಿತವಾಗಿ ಸಲಹೆ ಕೊಡುತ್ತದೆ. ‘ಬದುಕು ಬೇಡ’ವೆಂಬ ಮಾತು ಯಾರ ಬಾಯಿಂದ ಬಂದರೂ ಅದನ್ನು ಹಗುರಾಗಿ ತಿಳಿಯದೆ, ಅವರನ್ನು ಒಂಟಿಯಾಗಿ ಬಿಡದೆ, ಆ ದಿನವೇ ವೈದ್ಯರಲ್ಲಿಗೆ ಕರೆದೊಯ್ಯತಕ್ಕದ್ದು.

ಮನೆಯವರ ಪಾಡೂ ಸಣ್ಣದಲ್ಲ. ಕರುಣೆಯೆಂದರೆ ಕುಡಿತಕ್ಕೆ ಹಣ ಕೊಡುವುದಲ್ಲ. ಪೆಟ್ಟು ತಿಂದು ಸುಮ್ಮನಿರುವುದೂ ಅಲ್ಲ. ಮಡದಿಮಕ್ಕಳ ರಕ್ಷಣೆ ಮೊದಲನೆಯದು. ಆದರೆ ಬಿಟ್ಟವನು ಮತ್ತೆ ಜಾರಿದರೆ ಅದನ್ನು ದ್ರೋಹವೆನ್ನದೆ ರೋಗದ ಮರುಕಳಿಕೆಯೆಂದು ತಿಳಿಯಬೇಕು. ಜ್ವರ ಮರುಕಳಿಸಿದವನನ್ನು ಯಾರೂ ಬಯ್ಯುವುದಿಲ್ಲ. ಮತ್ತೆ ವೈದ್ಯರಲ್ಲಿಗೆ ಕರೆದೊಯ್ಯುತ್ತಾರೆ. ಹಸಿದವನಿಗೆ ಅನ್ನವಿಡುವುದು ಹೇಗೆ ದಾಸೋಹವೋ, ವ್ಯಸನದಲ್ಲಿ ಬಿದ್ದವನ ಕೈಹಿಡಿದು ಆಸ್ಪತ್ರೆಯ ಮೆಟ್ಟಿಲನ್ನು ಹತ್ತಿಸುವುದೂ ಹಾಗೆಯೇ ದಾಸೋಹವು.