ಒಂದು ಬೆಳಗಿಗೆ 37 ವರ್ಷ

1941ರ ಡಿಸೆಂಬರ್ 7, ಭಾನುವಾರ. ಹವಾಯಿಯ ಒವಾಹು ದ್ವೀಪದ ಉತ್ತರ ತುದಿಯಲ್ಲಿ ಇಬ್ಬರು ಸೈನಿಕರು ರೇಡಾರ್ ಮುಂದೆ ಕೂತಿದ್ದರು. ಪಾಳಿ ಏಳಕ್ಕೇ ಮುಗಿದಿತ್ತು. ತಿಂಡಿಗೆ ಕರೆದೊಯ್ಯುವ ಲಾರಿ ಇನ್ನೂ ಬಂದಿರಲಿಲ್ಲ. ಏಳು ದಾಟಿ ಎರಡು ನಿಮಿಷಕ್ಕೆ ಪರದೆಯ ಮೇಲೆ ಹಿಂದೆಂದೂ ಕಾಣದಷ್ಟು ದೊಡ್ಡ ಗುರುತು! ಫೋನ್ ಮಾಡಿದರು. ಆ ಕಡೆಯ ಅಧಿಕಾರಿ, ಕ್ಯಾಲಿಫೋರ್ನಿಯಾದಿಂದ ಬರಬೇಕಿದ್ದ ನಮ್ಮವೇ ವಿಮಾನಗಳಿರಬೇಕು ಅಂದುಕೊಂಡು, ಚಿಂತೆ ಬೇಡ ಎಂದುಬಿಟ್ಟರು. ಎಂಟು ಹೊಡೆಯುವ ಮುನ್ನವೇ ಅದೇ ದ್ವೀಪದಲ್ಲಿದ್ದ ಅಮೆರಿಕದ ನೌಕಾನೆಲೆ ಪರ್ಲ್ ಹಾರ್ಬರ್ ಮೇಲೆ ಜಪಾನಿನ ಬಾಂಬುಗಳು ಬಿದ್ದವು. ಸತ್ತವರು 2,400ಕ್ಕೂ ಹೆಚ್ಚು.

ಈ ಒಂದು ಬೆಳಗಿನ ಬೆನ್ನು ಹತ್ತಿದವರು ಅಮೆರಿಕದ ಇತಿಹಾಸಕಾರ ಗಾರ್ಡನ್ ಪ್ರ್ಯಾಂಗ್. ಯುದ್ಧ ಮುಗಿದ ಮೇಲೆ ಟೋಕಿಯೋದಲ್ಲಿದ್ದಾಗ, ದಾಳಿಯ ಯೋಜನೆ ಹೆಣೆದ ಗೆಂಡಾ, ವಿಮಾನಗಳನ್ನು ಮುನ್ನಡೆಸಿದ ಫುಚಿಡಾ ಇಂಥವರನ್ನೇ ಕೂರಿಸಿಕೊಂಡು ಮಾತಾಡಿಸಿದರು. ಅಮೆರಿಕದ ಕಡೆಯವರನ್ನೂ ಬಿಡಲಿಲ್ಲ. ಅಧ್ಯಕ್ಷ ರೂಸ್‌ವೆಲ್ಟ್‌ಗೆ ಎಲ್ಲ ಮೊದಲೇ ಗೊತ್ತಿತ್ತು ಎಂಬ ಗುಮಾನಿಯನ್ನು ಅವರು ಒಪ್ಪಲಿಲ್ಲ. ಸಂಚಿನ ಕಥೆಗೆ ರುಚಿ ಹೆಚ್ಚು, ನಿಜ. ಆದರೆ ಅವರಿಗೆ ಕಂಡದ್ದು ಹಲವರ ಉದಾಸೀನ, ಅಷ್ಟು ದೂರದಿಂದ ಬಂದಾರೆಯೇ ಎಂಬ ಹುಸಿ ಧೈರ್ಯ.

37 ವರ್ಷ ದುಡಿದರೂ, ದಾಳಿಯ ಬಗ್ಗೆ ಅವರು ಬರೆಯುತ್ತಿದ್ದ ಹಸ್ತಪ್ರತಿ ಬೆಳೆಯಿತೇ ಹೊರತು ಮುಗಿಯಲಿಲ್ಲ. 1980ರಲ್ಲಿ ಪ್ರ್ಯಾಂಗ್ ತೀರಿಕೊಂಡರು. ಅವರ ಸಹಯೋಗಿಗಳಾದ ಗೋಲ್ಡ್‌ಸ್ಟೀನ್ ಮತ್ತು ಡಿಲ್ಲನ್ ಅದನ್ನು ಕತ್ತರಿಸಿ, ತಿದ್ದಿ, ಮರುವರ್ಷ ಪುಸ್ತಕವಾಗಿ ಹೊರತಂದರು.