ಲೇಖನಿಯನ್ನೇ ನಂಬಿ ಬಾಳಿದ ವಿಕಾಸವಾದಿ



ಜೀವಕೋಟಿಯು ವಿಕಾಸಕ್ರಮದಿಂದ ಉಂಟಾಯಿತೆಂದು ಒಪ್ಪಿದವನು ಆತ್ಮವನ್ನು ಅಲ್ಲಗಳೆಯಲೇಬೇಕೆ? ಬೇಕಿಲ್ಲವೆಂದು ನಂಬಿ ನಡೆದವರಲ್ಲಿ ಬ್ರಿಟನ್ನಿನ ಆಲ್‌ಫ್ರೆಡ್ ರಸೆಲ್ ವಾಲೇಸನು ಮುಖ್ಯನು.

ಆತನು ೧೮೨೩ರಲ್ಲಿ ವೇಲ್ಸ್ ಪ್ರಾಂತದಲ್ಲಿ ಜನಿಸಿದನು. ಬಡತನದ ನಿಮಿತ್ತ ಬಾಲ್ಯದಲ್ಲಿಯೇ ಶಾಲೆಯನ್ನು ಬಿಟ್ಟು ಭೂಮಾಪನದ ಕೆಲಸಕ್ಕೆ ಸೇರಿದನು. ೧೮೪೮ರಲ್ಲಿ ಅಮೆಜಾನ್ ಅರಣ್ಯಕ್ಕೆ ಹೋಗಿ, ಹಕ್ಕಿಹುಳುಗಳನ್ನು ಸಂಗ್ರಹಿಸಿ ಮಾರಿ ಜೀವಿಸುತ್ತಿದ್ದನು. ೧೮೫೨ರಲ್ಲಿ ಹಿಂದಿರುಗುವಾಗ ನಡುಗಡಲಿನಲ್ಲಿ ಹಡಗು ಹೊತ್ತಿಕೊಂಡು, ಜೊತೆಗೊಯ್ಯುತ್ತಿದ್ದ ಸಂಗ್ರಹವು ಭಸ್ಮವಾಯಿತು. ಆತನು ಎದೆಗುಂದಲಿಲ್ಲ. ೧೮೫೪ರಿಂದ ಎಂಟು ವರ್ಷ ಮಲಯ ದ್ವೀಪಗಳಲ್ಲಿ ಸಂಚರಿಸಿ ಒಂದೂಕಾಲು ಲಕ್ಷಕ್ಕೂ ಮಿಕ್ಕ ಪ್ರಾಣಿನಿದರ್ಶನಗಳನ್ನು ಕೂಡಿಸಿದನು.

ಅಲ್ಲಿಯೇ ೧೮೫೮ರಲ್ಲಿ, ಜ್ವರಪೀಡಿತನಾಗಿದ್ದಾಗ, ಆತನಿಗೆ ಈ ತತ್ತ್ವವು ಹೊಳೆಯಿತು: ಹುಟ್ಟುವ ಜೀವಿಗಳು ಬದುಕಿ ಉಳಿಯುವವುಗಳಿಗಿಂತ ಬಹಳ ಹೆಚ್ಚು; ಅವುಗಳಲ್ಲಿ ಸ್ವಲ್ಪ ಸ್ವಲ್ಪ ಭೇದಗಳುಂಟು; ಪರಿಸ್ಥಿತಿಗೆ ಒಗ್ಗುವ ಭೇದವುಳ್ಳವು ಉಳಿದು ಸಂತಾನವನ್ನು ಬೆಳೆಸುವುವು; ಹೀಗೆ ತಲೆಮಾರುಗಳು ಕಳೆದಂತೆ ಹೊಸ ಜಾತಿಗಳು ತಲೆದೋರುವುವು. ಇದನ್ನು ಬರೆದು ಡಾರ್ವಿನನಿಗೆ ಕಳುಹಿಸಿದನು. ಡಾರ್ವಿನನಾದರೋ ಇಪ್ಪತ್ತು ವರ್ಷಗಳಿಂದ ಅದನ್ನೇ ಆಲೋಚಿಸುತ್ತಿದ್ದನು. ಇಬ್ಬರ ಬರಹಗಳೂ ೧೮೫೮ನೆಯ ಜುಲೈ ೧ರಂದು ಲಂಡನ್ನಿನ ಲಿನ್ನಿಯನ್ ಸೊಸೈಟಿಯಲ್ಲಿ ಓದಲ್ಪಟ್ಟವು. ಕೀರ್ತಿಯ ಹೆಚ್ಚಿನ ಪಾಲು ಡಾರ್ವಿನನಿಗೆ ಸಂದರೂ ವಾಲೇಸನು ಅಸೂಯೆಪಡಲಿಲ್ಲ. ೧೮೮೯ರಲ್ಲಿ ತಾನು ಬರೆದ ಗ್ರಂಥಕ್ಕೆ 'ಡಾರ್ವಿನಿಸಂ' ಎಂದೇ ಹೆಸರಿಟ್ಟನು.

ಆತನಿಗೆ ಸ್ಥಿರವಾದ ಉದ್ಯೋಗವು ದೊರೆಯಲಿಲ್ಲ. ತೊಡಗಿಸಿದ ಹಣವೂ ನಷ್ಟವಾಗಲು, ಗ್ರಂಥ, ಲೇಖನ, ಉಪನ್ಯಾಸಗಳಿಂದಲೂ ಪರೀಕ್ಷೆಯ ಉತ್ತರಪತ್ರಗಳನ್ನು ತಿದ್ದಿಯೂ ಸಂಸಾರವನ್ನು ಸಾಗಿಸಿದನು. ೧೮೮೧ರಲ್ಲಿ, ಡಾರ್ವಿನನೇ ಮೊದಲಾದವರ ಪ್ರಯತ್ನದಿಂದ, ವರ್ಷಕ್ಕೆ ೨೦೦ ಪೌಂಡುಗಳ ವಿಶ್ರಾಂತಿವೇತನವು ದೊರೆಯಿತು.

ಆದರೂ ಆತನು ಯಾರ ಮುಲಾಜಿಗೂ ಒಳಗಾಗಿ ಬರೆಯಲಿಲ್ಲ. ಕಾಡುಜನರ ಮೆದುಳು ನಾಗರಿಕರ ಮೆದುಳಿಗೆ ಹೆಚ್ಚು ಕಡಿಮೆ ಸಮಾನವೆಂದು ಆತನು ಕಂಡನು. ಕೇವಲ ಜೀವನಹೋರಾಟಕ್ಕೆ ಇಷ್ಟು ಶಕ್ತಿಯು ಅನಾವಶ್ಯಕ. ಆದುದರಿಂದ ಗಣಿತ, ಸಂಗೀತ, ನೀತಿಪ್ರಜ್ಞೆಗಳ ಹಿಂದೆ ಯಾವುದೋ ಉನ್ನತ ಚೈತನ್ಯವಿರಬೇಕೆಂದು ೧೮೬೯ರಿಂದ ಪ್ರಕಟಿಸುತ್ತ ಬಂದನು. ಡಾರ್ವಿನನು ನೊಂದುಕೊಂಡನು, ಸ್ನೇಹವು ಮಾತ್ರ ಮುರಿಯಲಿಲ್ಲ. ಇಂದಿನ ವಿಜ್ಞಾನಿಗಳು ಸಾಮಾನ್ಯವಾಗಿ ಈ ವಾದವನ್ನು ಒಪ್ಪುವುದಿಲ್ಲ. ಸಿಡುಬಿನ ಲಸಿಕೆಯನ್ನು ಆತನು ವಿರೋಧಿಸಿದುದಂತೂ ತಪ್ಪೇ ಸರಿ. ಆ ಲಸಿಕೆಯಿಂದಲೇ ಆ ರೋಗವು ಭೂಮಿಯಿಂದ ತೊಲಗಿತೆಂದು ೧೯೮೦ರಲ್ಲಿ ಘೋಷಿಸಲಾಯಿತು.

೧೯೧೩ರಲ್ಲಿ, ತೊಂಬತ್ತು ವರ್ಷ ತುಂಬಿದ ಮೇಲೆ, ಆತನು ಕಾಲವಾದನು. ಆತನ ಮತಗಳಲ್ಲಿ ಸರಿಯಾದುದನ್ನು ಗ್ರಹಿಸಿ ತಪ್ಪಾದುದನ್ನು ಬಿಡುವುದು ವಿವೇಕಿಗಳ ಕೆಲಸ. ಆದರೆ ಕಂಡುದನ್ನು ನಿರ್ಭಯವಾಗಿ ಹೇಳಿ, ಮತ್ತೊಬ್ಬನ ಹಿರಿಮೆಯನ್ನು ಮನಸಾರೆ ಮೆಚ್ಚಿ, ಸ್ವಂತ ದುಡಿಮೆಯಿಂದ ಬಾಳಿದ ಆ ನಡತೆಯು ಸರ್ವರಿಗೂ ಅನುಕರಣೀಯವಾಗಿದೆ.